ಕಳೆದುಹೋದ ದೃಶ್ಯಗಳು ಯಾರ ಮನೆಯ ಅಟ್ಟದಲ್ಲಿವೆ?



1983ರಲ್ಲಿ ಲಂಡನ್ ನಗರದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಫಿಲಂ ಡಬ್ಬಿಗಳು ದೊರೆತವು. ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಿಬಿಸಿ 1960ರ ದಶಕದಲ್ಲಿ ಪ್ರಸಾರ ಮಾಡಿದ್ದ ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಎರಡು ಕಂತುಗಳು ಆ ಡಬ್ಬಿಗಳಲ್ಲಿದ್ದವು. ಅವುಗಳನ್ನು ತಯಾರಿಸಿದ ಸಂಸ್ಥೆಯ ಭಂಡಾರದಲ್ಲಿಯೇ ಆ ಹೊತ್ತಿಗೆ ಅವು ಇರಲಿಲ್ಲ. ಕೋಟ್ಯಂತರ ರೂಪಾಯಿ ವೆಚ್ಚದ ಸ್ಟುಡಿಯೋಗಳು, ನೂರಾರು ನೌಕರರು, ಗ್ರಂಥಾಲಯಗಳು ಇದ್ದ ಸಂಸ್ಥೆ ಕಳೆದುಕೊಂಡದ್ದನ್ನು ಒಂದು ಪ್ರಾರ್ಥನಾ ಮಂದಿರದ ಕತ್ತಲೆಯ ಮೂಲೆ ಕಾಪಾಡಿಕೊಂಡಿತ್ತು.

ಇದು ಅಪರೂಪದ ಸಂಗತಿಯೆಂದು ಮೊದಲು ತೋರಬಹುದು. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಮರಳಿ ದೊರೆತ ಹಳೆಯ ಟಿ.ವಿ. ಕಾರ್ಯಕ್ರಮಗಳ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸಂಸ್ಥೆ ಕಳೆದುಕೊಂಡದ್ದನ್ನು ಜನ ಉಳಿಸಿಕೊಂಡಿರುತ್ತಾರೆ. ಆದರೆ ತಮ್ಮ ಬಳಿ ಇರುವುದು ಏನೆಂಬುದು ಅವರಿಗೆ ತಿಳಿದಿರುವುದಿಲ್ಲ. ಹುಡುಕುವವರಿಗೆ ಬೇಕಾದದ್ದು ಏನೆಂದು ಗೊತ್ತು, ಎಲ್ಲಿದೆಯೆಂದು ಗೊತ್ತಿಲ್ಲ. ಇರಿಸಿಕೊಂಡವರಿಗೆ ಎಲ್ಲಿದೆಯೆಂದು ಗೊತ್ತು, ಏನೆಂದು ಗೊತ್ತಿಲ್ಲ. ಈ ಇಬ್ಬರನ್ನೂ ಕೂಡಿಸುವ ಬಗೆ ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಅವು ಕಳೆದುಹೋದದ್ದು ಹೇಗೆ?

ಹುಡುಕುವ ಮೊದಲು ಕಳೆದ ಬಗೆಯನ್ನು ತಿಳಿಯಬೇಕು. ಆರಂಭದ ಟಿ.ವಿ. ಕಾರ್ಯಕ್ರಮಗಳಲ್ಲಿ ಬಹುಪಾಲು ನೇರ ಪ್ರಸಾರವಾಗಿದ್ದವು. ನಾಟಕ ಮುಗಿದೊಡನೆ ಪರದೆ ಬಿದ್ದಂತೆ ಅವೂ ಮುಗಿದುಹೋಗುತ್ತಿದ್ದವು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆ ಎರಡು ಅಂಗುಲ ಅಗಲದ ವೀಡಿಯೊ ಟೇಪಿನ ಯಂತ್ರವನ್ನು ಹೊರತಂದ ಮೇಲೆ ಕಾರ್ಯಕ್ರಮವನ್ನು ಮೊದಲೇ ಮುದ್ರಿಸಿ ಅನಂತರ ಪ್ರಸಾರ ಮಾಡುವುದು ಸಾಧ್ಯವಾಯಿತು. ಆದರೆ ಆ ಟೇಪು ಬಹಳ ದುಬಾರಿ. ಅದರ ದೊಡ್ಡ ಗುಣವೆಂದರೆ ಒಂದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸಬಹುದಾಗಿತ್ತು. ಆ ಗುಣವೇ ದೋಷವೂ ಆಯಿತು.

ನಟರ ಸಂಘಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಪ್ರಕಾರ ಬ್ರಿಟನ್ನಿನಲ್ಲಿ ಒಂದು ಕಾರ್ಯಕ್ರಮವನ್ನು ಮರುಪ್ರಸಾರ ಮಾಡುವುದಕ್ಕೆ ಮಿತಿಯಿತ್ತು. ಮನೆಗಳಲ್ಲಿ ವೀಡಿಯೊ ಯಂತ್ರಗಳಿರಲಿಲ್ಲವಾದ್ದರಿಂದ ಹಳೆಯ ಕಾರ್ಯಕ್ರಮವನ್ನು ಮಾರುವ ಮಾತೂ ಇರಲಿಲ್ಲ. 1960ರ ದಶಕದ ಕೊನೆಗೆ ಬಣ್ಣದ ಪ್ರಸಾರ ಬಂದಾಗ ಕಪ್ಪು-ಬಿಳುಪಿನ ಕಾರ್ಯಕ್ರಮಗಳಿಗೆ ಇನ್ನು ಬೆಲೆಯಿಲ್ಲವೆಂದು ಭಾವಿಸಲಾಯಿತು. ಹೀಗೆ ಟೇಪುಗಳನ್ನು ಅಳಿಸುವುದು ಉಳಿತಾಯವೆನಿಸಿತು. ಅಳಿಸಿದವರು ದುಷ್ಟರಲ್ಲ, ಅವರು ತಮ್ಮ ದಿನದ ಲೆಕ್ಕವನ್ನು ಸರಿಯಾಗಿ ಇಟ್ಟವರು. ಮುಂದಿನ ತಲೆಮಾರಿನ ಲೆಕ್ಕವನ್ನು ಇಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಚಂದ್ರನ ಮೇಲೆ ಮಾನವನು ಮೊದಲು ಕಾಲಿಟ್ಟ 1969ರ ಜುಲೈ ತಿಂಗಳ ದೃಶ್ಯಗಳಿಗೂ ಇದೇ ಗತಿಯಾಯಿತು. ಅಮೆರಿಕದ ನಾಸಾ ಸಂಸ್ಥೆ ತನ್ನ ಮೂಲ ದತ್ತಾಂಶ ಟೇಪುಗಳಿಗಾಗಿ ಕೆಲವು ವರ್ಷಗಳ ಕಾಲ ಹುಡುಕಿ, ಅವು ಅಳಿಸಲ್ಪಟ್ಟು ಮರುಬಳಕೆಯಾಗಿರಬೇಕೆಂಬ ನಿರ್ಣಯಕ್ಕೆ 2009ರಲ್ಲಿ ಬಂದಿತು. ಕೊನೆಗೆ ಟಿ.ವಿ. ಕೇಂದ್ರಗಳಲ್ಲಿ ಉಳಿದಿದ್ದ ಪ್ರಸಾರದ ಪ್ರತಿಗಳಿಂದಲೇ ಆ ದೃಶ್ಯಗಳನ್ನು ಸಂಸ್ಕರಿಸಬೇಕಾಯಿತು.

ಪ್ರತಿಗಳು ಉಳಿದ ದಾರಿಗಳು

ಮೂಲ ಅಳಿದರೂ ಪ್ರತಿ ಉಳಿಯುತ್ತದೆ ಎಂಬುದು ಈ ಶೋಧದ ಮೂಲ ನಂಬಿಕೆ. ಆ ಪ್ರತಿಗಳು ಐದು ದಾರಿಗಳಿಂದ ಉಳಿದಿವೆ.

ಮೊದಲನೆಯದು ಪರದೇಶದ ದಾರಿ. ವೀಡಿಯೊ ಟೇಪಿನ ಯಂತ್ರಗಳಿಲ್ಲದ ದೇಶಗಳಿಗೆ ಕಾರ್ಯಕ್ರಮಗಳನ್ನು ಮಾರಲು ಬಿಬಿಸಿಯು ಟಿ.ವಿ. ಪರದೆಯ ಎದುರು ಕ್ಯಾಮೆರಾ ಇರಿಸಿ 16 ಮಿಲಿಮೀಟರ್ ಫಿಲಂಗೆ ನಕಲು ಮಾಡಿಸುತ್ತಿತ್ತು. ಈ ಫಿಲಂ ಡಬ್ಬಿಗಳು ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ಕೇಂದ್ರಗಳಿಗೆ ಹೋದವು. ‘ಡಾಕ್ಟರ್ ಹೂ’ ಧಾರಾವಾಹಿಯ ಒಂದು ಸಂಪೂರ್ಣ ಕಥೆಯ ನಾಲ್ಕೂ ಕಂತುಗಳು ಹಾಂಗ್‌ಕಾಂಗಿನಲ್ಲಿ ದೊರೆತ ಸುದ್ದಿ 1992ರ ಆರಂಭದಲ್ಲಿ ಲೋಕಕ್ಕೆ ತಿಳಿಯಿತು. 2013ರಲ್ಲಿ ನೈಜೀರಿಯಾ ದೇಶದ ಜೋಸ್ ನಗರದ ಟಿ.ವಿ. ಕೇಂದ್ರವೊಂದರ ಉಗ್ರಾಣದಿಂದ ಒಂಬತ್ತು ಕಂತುಗಳು ಮರಳಿ ಬಂದವು. ಆ ಒಂದೇ ಶೋಧದಿಂದ ಕಾಣೆಯಾದ ಕಂತುಗಳ ಸಂಖ್ಯೆ 106ರಿಂದ 97ಕ್ಕೆ ಇಳಿಯಿತು.

ಎರಡನೆಯದು ನೌಕರರ ದಾರಿ. ನಾಶಪಡಿಸಲು ಹೇಳಿದ್ದನ್ನು ಮನಸ್ಸು ಬಾರದೆ ಮನೆಗೆ ಒಯ್ದವರು ಎಲ್ಲೆಡೆ ಇರುತ್ತಾರೆ. 2004ರಲ್ಲಿ ಬಿಬಿಸಿಯ ಹಿಂದಿನ ಎಂಜಿನಿಯರ್ ಒಬ್ಬರು ದಶಕಗಳ ಕಾಲ ತಮ್ಮ ಬಳಿ ಇದ್ದ ಒಂದು ಕಂತನ್ನು ಮರಳಿಸಿದರು. ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯ ಧಾರಾವಾಹಿಯ ಎರಡು ಕಂತುಗಳು 1970ರ ದಶಕದಲ್ಲಿ ಕಸದ ತೊಟ್ಟಿಯಿಂದ ಎತ್ತಿಕೊಳ್ಳಲ್ಪಟ್ಟು, ತೋಟದ ಕೊಟ್ಟಿಗೆಯೊಂದರಲ್ಲಿ ತುಕ್ಕು ಹಿಡಿದ ಡಬ್ಬಿಗಳಲ್ಲಿ ಉಳಿದು, 2001ರಲ್ಲಿ ಮನೆ ಸೇರಿದವು.

ಮೂರನೆಯದು ಸಂಗ್ರಾಹಕರ ದಾರಿ. ಕೈಬದಲಾದ ಫಿಲಂಗಳು ಸಂತೆಯಲ್ಲಿಯೋ ಗುಜರಿಯಲ್ಲಿಯೋ ಮಾರಾಟವಾಗುತ್ತವೆ. 2011ರ ಡಿಸೆಂಬರಿನಲ್ಲಿ ಪ್ರಕಟವಾದ ಎರಡು ಕಂತುಗಳನ್ನು ನಿವೃತ್ತ ಎಂಜಿನಿಯರ್ ಒಬ್ಬರು 1980ರ ದಶಕದಲ್ಲಿ ಇಂತಹ ಒಂದು ಮೇಳದಲ್ಲಿ ಕೊಂಡಿದ್ದರು. ಅವು ಬೇರೆಲ್ಲಿಯೂ ಇಲ್ಲವೆಂಬುದು ಅವರಿಗೆ ಅಷ್ಟು ವರ್ಷ ತಿಳಿದೇ ಇರಲಿಲ್ಲ.

ನಾಲ್ಕನೆಯದು ಪ್ರೇಕ್ಷಕರ ದಾರಿ. ದೃಶ್ಯವನ್ನು ಹಿಡಿಯಲಾಗದ ಕಾಲದಲ್ಲಿ ಟಿ.ವಿ.ಯ ಎದುರು ಧ್ವನಿಮುದ್ರಣ ಯಂತ್ರವನ್ನಿಟ್ಟು ಮಾತನ್ನಷ್ಟೇ ಹಿಡಿದುಕೊಂಡ ಹುಡುಗರಿದ್ದರು. ಅವರ ದೆಸೆಯಿಂದ ‘ಡಾಕ್ಟರ್ ಹೂ’ವಿನ ಕಾಣೆಯಾದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಉಳಿದಿದೆ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟಿ.ವಿ. ಪರದೆಯ ಚಿತ್ರಗಳನ್ನು ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಅನೇಕ ಕಂತುಗಳ ಮಟ್ಟಿಗೆ ಕಣ್ಣಿಗೆ ಉಳಿದಿರುವುದು ಅವರ ಆ ಸಣ್ಣ ಚಿತ್ರಗಳು ಮಾತ್ರ.

ಐದನೆಯ ದಾರಿ ವಿಚಿತ್ರವಾದುದು. ಮಕ್ಕಳಿಗೆ ಭಯ ಹುಟ್ಟಿಸುವವೆಂದು ಆಸ್ಟ್ರೇಲಿಯಾದ ಸೆನ್ಸಾರ್ ಅಧಿಕಾರಿಗಳು ಕತ್ತರಿಸಿ ತೆಗೆದ ತುಣುಕುಗಳು ಸರ್ಕಾರಿ ಕಡತಗಳೊಂದಿಗೆ ಉಳಿದು 1996ರಲ್ಲಿ ದೊರೆತವು. ತೋರಿಸಬಾರದೆಂದು ತೆಗೆದದ್ದು ಮಾತ್ರ ಉಳಿಯಿತು. ತೋರಿಸಿದ ಭಾಗವೆಲ್ಲ ಅಳಿಯಿತು!

ಜನರ ನಡುವೆ ಹುಡುಕುವ ಬಗೆ

ಮೊದಲ ಹೆಜ್ಜೆ, ಕಾಣೆಯಾದವುಗಳ ನಿಖರವಾದ ಪಟ್ಟಿ. ‘ಹಳೆಯ ಕಾರ್ಯಕ್ರಮಗಳಿದ್ದರೆ ಕೊಡಿ’ ಎಂದು ಕೇಳಿದರೆ ಯಾರೂ ಎದ್ದು ಅಟ್ಟ ಹತ್ತುವುದಿಲ್ಲ. ಯಾವ ಕಾರ್ಯಕ್ರಮ, ಯಾವ ವರ್ಷ, ಯಾರು ಪಾತ್ರ ವಹಿಸಿದ್ದರು ಎಂದು ಹೆಸರಿಸಿ ಕೇಳಿದಾಗ ಕೇಳಿದವರ ನೆನಪು ಕೆದಕುತ್ತದೆ. ಏನಿದೆ ಎಂಬ ಪಟ್ಟಿ ಎಲ್ಲ ಭಂಡಾರಗಳಲ್ಲಿಯೂ ಇರುತ್ತದೆ. ಏನಿಲ್ಲ ಎಂಬ ಪಟ್ಟಿಯನ್ನು ಮಾಡಿದ ದಿನವೇ ಶೋಧ ಆರಂಭವಾಗುತ್ತದೆ.

ಎರಡನೆಯ ಹೆಜ್ಜೆ, ಕಾಗದದ ಜಾಡು. ಯಾವ ಪ್ರತಿ ಯಾವ ದೇಶಕ್ಕೆ ಯಾವಾಗ ಹೋಯಿತು, ಅಲ್ಲಿಂದ ಮುಂದಿನ ದೇಶಕ್ಕೆ ಸಾಗಿತೇ, ನಾಶವಾದುದಕ್ಕೆ ದಾಖಲೆಯಿದೆಯೇ ಎಂಬುದನ್ನು ಪತ್ರವ್ಯವಹಾರದಲ್ಲಿ ಹುಡುಕಬೇಕು. ಹಣ ಉಳಿಸಲು ಒಂದೇ ಪ್ರತಿಯನ್ನು ದೇಶದಿಂದ ದೇಶಕ್ಕೆ ಕಳುಹಿಸುತ್ತಿದ್ದುದರಿಂದ, ಸರಪಳಿಯ ಕೊನೆಯ ಕೇಂದ್ರದಲ್ಲಿ ಡಬ್ಬಿ ಉಳಿದಿರುವ ಸಂಭವ ಹೆಚ್ಚು. ನೈಜೀರಿಯಾದಂತಹ ಕಡೆಗಳಲ್ಲಿ ಶೋಧಕರು ಪತ್ರ ಬರೆದು ಸುಮ್ಮನಾಗದೆ, ತಾವೇ ಹೋಗಿ ಉಗ್ರಾಣದ ಕಪಾಟುಗಳನ್ನು ನೋಡಿದ್ದರಿಂದಲೇ ಫಲ ದೊರೆಯಿತು. ‘ನಮ್ಮಲ್ಲಿ ಏನೂ ಇಲ್ಲ’ ಎಂಬ ಉತ್ತರಕ್ಕೆ ಎಷ್ಟೋ ಸಲ ‘ನಾವು ನೋಡಿಲ್ಲ’ ಎಂಬುದೇ ಅರ್ಥ.

ಮೂರನೆಯ ಹೆಜ್ಜೆ, ಸಾರ್ವಜನಿಕ ಕರೆ. ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ 1993ರಲ್ಲಿ ಇಂತಹ ಕರೆಯನ್ನು ನೀಡಿತು. ಮರಳಿ ದೊರೆತ ಕಾರ್ಯಕ್ರಮಗಳನ್ನು ಜನರೆದುರು ಪ್ರದರ್ಶಿಸುವ ಸಂಪ್ರದಾಯವನ್ನು ಅದು ಬೆಳೆಸಿಕೊಂಡು ಬಂದಿದೆ. ಬಿಬಿಸಿ ಕೂಡ 2001ರಲ್ಲಿ ‘ನಿಧಿ ಶೋಧ’ ಎಂಬ ಅರ್ಥದ ಹೆಸರಿನಿಂದ ಅಭಿಯಾನ ನಡೆಸಿತು. ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಯು ತನ್ನ ಕಾರ್ಯಕ್ರಮಗಳನ್ನು ಮನೆಯಲ್ಲಿ ಮುದ್ರಿಸಿಟ್ಟುಕೊಂಡ ವೀಕ್ಷಕರನ್ನೂ ಅವುಗಳಲ್ಲಿ ದುಡಿದ ಕಲಾವಿದರನ್ನೂ ಕೇಳಿ ಪ್ರತಿಗಳನ್ನು ಪಡೆಯುತ್ತ ಬಂದಿದೆ. ಅದರ ಒಂದು ಪ್ರಸಿದ್ಧ ಗೊಂಬೆಯಾಟದ ಧಾರಾವಾಹಿ 1964ರಿಂದ 1969ರವರೆಗೆ 1,224 ಕಂತುಗಳಲ್ಲಿ ಪ್ರಸಾರವಾಗಿದ್ದರೂ ಉಳಿದವು ಕೈಬೆರಳೆಣಿಕೆಯಷ್ಟು. ಇಂತಹ ನಷ್ಟವನ್ನು ಕಂಡವರಿಗೆ ಮನೆಮನೆಯ ಕ್ಯಾಸೆಟ್ಟಿನ ಬೆಲೆ ತಿಳಿಯುತ್ತದೆ.

ಕರೆಯಲ್ಲಿ ಮುಖ್ಯವಾದ ಸೂಕ್ಷ್ಮವೊಂದಿದೆ. ಕಾರ್ಯಕ್ರಮದ ಹೆಸರನ್ನು ಹೇಳಿದರೆ ಸಾಲದು, ವಸ್ತುವಿನ ರೂಪವನ್ನೂ ಹೇಳಬೇಕು. ‘ಊಟದ ತಟ್ಟೆಯಷ್ಟು ಅಗಲದ ತಗಡಿನ ಡಬ್ಬಿ’, ‘ಸಣ್ಣ ಪುಸ್ತಕದಷ್ಟು ದಪ್ಪದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ’ ಎಂದು ವರ್ಣಿಸಿದರೆ ತಂದೆಯ ಕಪಾಟನ್ನು ತೆರವು ಮಾಡುತ್ತಿರುವ ಮಗಳಿಗೂ ಅರ್ಥವಾಗುತ್ತದೆ. ಬೇರೆ ಸಂಸ್ಥೆಗಳನ್ನೂ ಕೇಳಬೇಕು: ಶಾಲೆ, ಕಾಲೇಜು, ಮಠ, ಮಂದಿರ, ಗ್ರಂಥಾಲಯ, ಹಳೆಯ ವೀಡಿಯೊ ಅಂಗಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅರವತ್ತಕ್ಕೂ ಹೆಚ್ಚು ಬ್ರಿಟಿಷ್ ಟಿ.ವಿ. ನಾಟಕಗಳು ಇದ್ದುದು 2010ರಲ್ಲಿ ಬೆಳಕಿಗೆ ಬಂದಿತು. ಅವು ಅಡಗಿರಲಿಲ್ಲ, ಕೇಳುವವರಿರಲಿಲ್ಲ.

ಭಯವನ್ನು ಕಳೆಯುವುದು

ಇಷ್ಟೆಲ್ಲ ಮಾಡಿದರೂ ಎಷ್ಟೋ ಮಂದಿ ಮುಂದೆ ಬರುವುದಿಲ್ಲ. ಅದಕ್ಕೆ ಕಾರಣ ಉದಾಸೀನವಲ್ಲ, ಭಯ. ಕಸದಿಂದ ಎತ್ತಿಕೊಂಡದ್ದನ್ನು ಕದ್ದದ್ದೆಂದು ಹೇಳಿಬಿಟ್ಟರೆ ಏನು ಗತಿ ಎಂಬ ಅಂಜಿಕೆ. ಈ ಅಂಜಿಕೆ ಆಧಾರರಹಿತವಲ್ಲ. ಬ್ರಿಟನ್ನಿನ ಹಾಸ್ಯ ಕಲಾವಿದ ಬಾಬ್ ಮಂಕ್‌ಹೌಸ್ ತಮ್ಮ ಫಿಲಂ ಸಂಗ್ರಹದ ಕಾರಣದಿಂದಲೇ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. 1979ರಲ್ಲಿ ಅವರು ದೋಷಮುಕ್ತರಾದರು. 2003ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಸಂಗ್ರಹವನ್ನು ಪರಿಶೀಲಿಸಿದಾಗ, ಬೇರೆಲ್ಲಿಯೂ ಉಳಿಯದ ಕಾರ್ಯಕ್ರಮಗಳು ಸಾವಿರಾರು ಟೇಪುಗಳ ನಡುವೆ ದೊರೆತವು. ಯಾರನ್ನು ಅಪರಾಧಿಯೆಂದು ನಿಲ್ಲಿಸಿದ್ದರೋ ಅವರೇ ರಕ್ಷಕರಾಗಿದ್ದರು.

ಆದುದರಿಂದ ಹುಡುಕುವವರು ಮೊದಲು ಮೂರು ಮಾತು ಕೊಡಬೇಕು. ‘ಹೇಗೆ ಬಂದಿತು’ ಎಂದು ವಿಚಾರಿಸುವುದಿಲ್ಲ. ಪ್ರತಿ ಮಾಡಿಕೊಂಡು ಮೂಲವನ್ನು ಮರಳಿಸುತ್ತೇವೆ. ಹೆಸರು ಬೇಡವೆಂದರೆ ಹೆಸರನ್ನು ಹೇಳುವುದಿಲ್ಲ. ಈ ಮೂರು ಮಾತುಗಳನ್ನು ಬರಹದಲ್ಲಿ ಕೊಟ್ಟು ನಡೆಸಿಕೊಂಡರೆ, ಒಬ್ಬರು ಕೊಟ್ಟದ್ದನ್ನು ಕಂಡು ಹತ್ತು ಜನ ಕೊಡುತ್ತಾರೆ. ಒಮ್ಮೆ ಮಾತು ತಪ್ಪಿದರೆ ನೂರು ಬಾಗಿಲುಗಳು ಮುಚ್ಚುತ್ತವೆ.

ಹಕ್ಕಿನ ಪ್ರಶ್ನೆಯನ್ನೂ ಮೊದಲೇ ತಿಳಿಯಾಗಿಸಬೇಕು. ಟೇಪು ಒಬ್ಬರದಾದರೂ ಅದರಲ್ಲಿರುವ ಕಾರ್ಯಕ್ರಮ ಇನ್ನೊಬ್ಬರದು. 1967ರ ಜನವರಿ 15ರಂದು ನಡೆದ ಅಮೆರಿಕನ್ ಫುಟ್‌ಬಾಲಿನ ಮೊದಲ ‘ಸೂಪರ್ ಬೌಲ್’ ಪಂದ್ಯವನ್ನು ಎರಡು ಜಾಲಗಳು ಪ್ರಸಾರ ಮಾಡಿದರೂ ಎರಡೂ ಅದರ ಪೂರ್ಣ ಮುದ್ರಿಕೆಯನ್ನು ಉಳಿಸಿಕೊಳ್ಳಲಿಲ್ಲ. ಪೆನ್ಸಿಲ್ವೇನಿಯಾದ ವೀಕ್ಷಕರೊಬ್ಬರು ಮುದ್ರಿಸಿದ್ದ ಟೇಪು ಅಟ್ಟದಲ್ಲಿ ದೊರೆಯಿತು. ಕುಟುಂಬದವರು ಹತ್ತು ಲಕ್ಷ ಡಾಲರ್ ಕೇಳಿದರು. ಪಂದ್ಯದ ಹಕ್ಕುದಾರರು 30,000 ಡಾಲರ್ ಕೊಡಲು ಮುಂದಾದರು. ಒಪ್ಪಂದವಾಗದೆ ವರ್ಷಗಳು ಕಳೆದವು. ಟೇಪು ಉಳಿಯಿತು, ನೋಡುವವರ ಪಾಲಿಗೆ ಮಾತ್ರ ಅದು ಸಿಕ್ಕಿಯೂ ಸಿಗದಂತಾಯಿತು. ಬೆಲೆಯ ಮಾತು ಮುಂದಾದಲ್ಲಿ ಪರಂಪರೆಯ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಕನ್ನಡ ನಾಡಿನ ಮಟ್ಟಿಗೆ

ಈ ಬಗೆಯ ಶೋಧ ಕನ್ನಡಿಗರಿಗೆ ಹೊಸದೇನಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಳೆಗರಿಗಳನ್ನು ಅರಸಿ, ಕೇಳಿ ಪಡೆದು, ನಕಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದನ್ನು ನಾವೆಲ್ಲ ಬಲ್ಲೆವು. ಜಗಲಿಯ ಮೇಲಿನ ಗಂಟು ಬಿಚ್ಚಿಸಬೇಕಾದರೆ ಬೇಕಾದದ್ದು ಅಧಿಕಾರವಲ್ಲ, ವಿಶ್ವಾಸ. ವಸ್ತು ತಾಳೆಗರಿಯಿಂದ ಟೇಪಿಗೆ ಬದಲಾದರೂ ಆ ನೀತಿ ಬದಲಾಗಿಲ್ಲ.

ಆದರೆ ಯಾವ ಕಾಲದ್ದನ್ನು ಯಾರಲ್ಲಿ ಕೇಳಬೇಕೆಂಬ ವಿವೇಕ ಬೇಕು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳ ಜನ ಸಮುದಾಯದ ಟಿ.ವಿ.ಯ ಎದುರು ಕುಳಿತು ಕನ್ನಡ ಕಾರ್ಯಕ್ರಮಗಳನ್ನು ನೋಡಿದರು. ಆ ಹಳ್ಳಿಗಳಲ್ಲಿ ಅಂದು ವೀಡಿಯೊ ಮುದ್ರಣ ಯಂತ್ರಗಳಿರುವ ಮಾತೇ ಇರಲಿಲ್ಲ. ಆದುದರಿಂದ ಅಲ್ಲಿ ಟೇಪನ್ನು ಹುಡುಕಿ ಫಲವಿಲ್ಲ. ಅಲ್ಲಿ ಕೇಳಬೇಕಾದದ್ದು ಛಾಯಾಚಿತ್ರಗಳನ್ನು, ಶಾಲೆಯ ದಾಖಲೆಗಳನ್ನು, ಹಿರಿಯರ ನೆನಪುಗಳನ್ನು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾದ ನಂತರದ ವರ್ಷಗಳಲ್ಲಿ ಅನುಕೂಲಸ್ಥರ ಮನೆಗಳಿಗೂ ವೀಡಿಯೊ ಅಂಗಡಿಗಳಿಗೂ ಯಂತ್ರಗಳು ಬಂದವು. ಆ ಕಾಲದ ನಾಟಕ, ಸಂಗೀತ, ಸಂದರ್ಶನ, ವಾರ್ತೆಗಳನ್ನು ಹಿಡಿದಿಟ್ಟುಕೊಂಡವರು ಇರಬಹುದಾದದ್ದು ಅಲ್ಲಿ. ಕಾರ್ಯಕ್ರಮದಲ್ಲಿ ಭಾಗವಹಿಸಿದ ಕವಿ, ಗಾಯಕ, ವಿದ್ವಾಂಸರ ಮನೆಯವರು ‘ನಮ್ಮ ಅಪ್ಪಾಜಿ ಟಿ.ವಿ.ಯಲ್ಲಿ ಬಂದ ದಿನ’ವೆಂದು ಮುದ್ರಿಸಿಟ್ಟುಕೊಂಡಿರುವ ಸಂಭವ ಎಲ್ಲರಿಗಿಂತ ಹೆಚ್ಚು.

ಕ್ಯಾಸೆಟ್ಟಿನ ಮೇಲಿನ ಚೀಟಿಯನ್ನು ನಂಬಬಾರದು. ‘ಮದುವೆ’ ಎಂದು ಬರೆದಿದ್ದರೂ ಮದುವೆ ಮುಗಿದ ಮೇಲೆ ಉಳಿದ ಟೇಪಿನಲ್ಲಿ ಅಂದಿನ ವಾರ್ತೆಯೋ ನಾಟಕವೋ ಇರಬಹುದು. ನಡುವೆ ಬಂದ ಜಾಹೀರಾತು, ನಿರೂಪಕರ ಮಾತುಗಳನ್ನು ವ್ಯರ್ಥವೆಂದು ಅಳಿಸಲೂಬಾರದು. ಅಮೆರಿಕದ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಟಿ.ವಿ. ವಾರ್ತೆಗಳನ್ನು ಹಗಲಿರುಳೂ ಮುದ್ರಿಸುತ್ತ ಸುಮಾರು 70,000 ಟೇಪುಗಳನ್ನು ಬಿಟ್ಟುಹೋದರು. ಬದುಕಿದ್ದಾಗ ಅದು ವಿಚಿತ್ರ ಹವ್ಯಾಸವೆನಿಸಿತ್ತು. ಇಂದು ಅದು ಚರಿತ್ರೆಯ ಆಕರ.

ದೊರೆತ ಮೇಲೆ ಮಾಡಬೇಕಾದದ್ದು

ಹಳೆಯ ಕ್ಯಾಸೆಟ್ ಸಿಕ್ಕೊಡನೆ ಯಂತ್ರಕ್ಕೆ ಹಾಕಿ ನೋಡುವ ಆತುರವೇ ಅದಕ್ಕೆ ದೊಡ್ಡ ಅಪಾಯ. ಮೊದಲು ಬೆಳಕಿಗೆ ಹಿಡಿದು ಸುರುಳಿಯ ಅಂಚನ್ನು ನೋಡಬೇಕು. ಬಿಳಿಯ ಪುಡಿಯಂತೆ ಕಂಡರೆ ಅದು ಬೂಷ್ಟು. ಅಂತಹುದನ್ನು ಬೇರೆ ಕ್ಯಾಸೆಟ್ಟುಗಳಿಂದ ದೂರವಿರಿಸಬೇಕು, ಯಂತ್ರಕ್ಕೆ ಹಾಕಬಾರದು. ಹಾಕಿದರೆ ಯಂತ್ರದ ಮೂಲಕ ಉಳಿದವಕ್ಕೂ ಹರಡುತ್ತದೆ. ತೇವ ಹೀರಿದ ಟೇಪು ಅಂಟಂಟಾಗಿ ಹರಿದುಹೋಗಬಹುದು. ಫಿಲಂ ಡಬ್ಬಿಯನ್ನು ತೆರೆದಾಗ ವಿನೆಗರ್‌ನ ಹುಳಿ ವಾಸನೆ ಬಂದರೆ ಫಿಲಂ ಕೊಳೆಯಲಾರಂಭಿಸಿದೆ ಎಂದರ್ಥ. ತಡಮಾಡದೆ ನುರಿತವರಿಗೆ ತೋರಿಸಬೇಕು. ಚೆನ್ನಾಗಿರುವ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದು ತೆಗೆದರೆ ಅದರ ಮೇಲೆ ಅಕಸ್ಮಾತ್ತಾಗಿ ಬೇರೇನೂ ಮುದ್ರಣವಾಗುವುದಿಲ್ಲ. ಒಣಗಿದ, ತಂಪಾದ ಸ್ಥಳದಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಬೇಕು.

ಚಿತ್ರ ಮಸುಕಾಗಿದೆಯೆಂದು ಎಸೆಯುವುದೂ ಸಲ್ಲದು. ಕಪ್ಪು-ಬಿಳುಪಿನ ಫಿಲಂ ನಕಲಿನಲ್ಲಿ ಅಡಗಿದ್ದ ಸೂಕ್ಷ್ಮ ಚುಕ್ಕೆಗಳಿಂದ ಮೂಲದ ಬಣ್ಣವನ್ನೇ ಮರಳಿ ಪಡೆದು, ‘ಡ್ಯಾಡ್ಸ್ ಆರ್ಮಿ’ಯ ಒಂದು ಕಂತನ್ನು 2008ರಲ್ಲಿ ಬಣ್ಣದಲ್ಲಿ ಪ್ರಸಾರ ಮಾಡಲಾಯಿತು. ಇಂದು ನಮಗೆ ಕಾಣದ್ದನ್ನು ನಾಳಿನವರು ಕಾಣಬಲ್ಲರು, ವಸ್ತು ಉಳಿದಿದ್ದರೆ.

ಉಳಿದಿದ್ದರೆ ಎಂಬ ಮಾತೇ ಇಲ್ಲಿ ಭಾರವಾದುದು. ವಿಎಚ್‌ಎಸ್ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯ್ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಯಂತ್ರಗಳೂ ಬಿಡಿಭಾಗಗಳೂ ಇಲ್ಲವಾಗುತ್ತಿರುವುದರಿಂದ 2025ರ ಸುಮಾರಿಗೆ ಟೇಪುಗಳನ್ನು ಓದುವ ಅವಕಾಶ ಬಹುಮಟ್ಟಿಗೆ ಮುಗಿಯಲಿದೆಯೆಂದು ಯುನೆಸ್ಕೋ 2019ರಲ್ಲಿಯೇ ಎಚ್ಚರಿಸಿತ್ತು. ಇದರ ಜೊತೆಗೆ ಇನ್ನೊಂದು ಗಡಿಯಾರವೂ ಓಡುತ್ತಿದೆ. ಮುದ್ರಿಸಿಟ್ಟವರು ಇಂದು ಎಪ್ಪತ್ತು, ಎಂಬತ್ತರ ಹರೆಯದವರು. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುವಾಗ ಬೆಳ್ಳಿಯ ಲೋಟವನ್ನು ಹಂಚಿಕೊಳ್ಳುತ್ತಾರೆ, ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಹಾಕುತ್ತಾರೆ.

ಬಂಧುಗಳೇ, ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರ ಬಳಿ ಕುಳಿತು ‘ಕ್ಯಾಸೆಟ್ ಇದೆಯೇ’ ಎಂದು ಕೇಳಬೇಡಿರಿ. ‘ಅಜ್ಜಾ, ಆಗ ಟಿ.ವಿ.ಯಲ್ಲಿ ಏನು ನೋಡುತ್ತಿದ್ದಿರಿ? ಯಾವುದನ್ನು ಮತ್ತೆ ನೋಡಬೇಕೆಂದು ಹಿಡಿದಿಟ್ಟುಕೊಂಡಿರಿ?’ ಎಂದು ಕೇಳಿರಿ. ಅವರು ನೆನಪಿನಿಂದ ಆರಂಭಿಸಿ ಕಪಾಟಿನ ಬಳಿಗೆ ತಾವೇ ಬರುತ್ತಾರೆ. ಅವರು ಹೇಳುವ ಹೆಸರು, ವರ್ಷ, ಸಂದರ್ಭಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಸೆಟ್ಟಿನೊಂದಿಗೆ ಇಡಿರಿ. ಟೇಪನ್ನು ಯಂತ್ರ ಓದಬಲ್ಲದು. ಅದರಲ್ಲಿರುವವರು ಯಾರೆಂದು ಹೇಳಬಲ್ಲವರು ಹಿರಿಯರು ಮಾತ್ರ.